ಷರಾ ಕಾಲಂ

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ನಮ್ಮ ಶಾಲೆಗೆ ನೂರು ವರ್ಷ ದಾಟಿತ್ತು. ಅನುದಾನಿತ ಶಾಲೆ. ಒಂದೇ ಕಾಂಪೌಂಡಿನಲ್ಲಿ ಪ್ರಾಥಮಿಕ ಶಾಲೆಯೂ ಇದೆ, ಪ್ರೌಢಶಾಲೆಯೂ ಇದೆ. ಎರಡಕ್ಕೂ ಸೇರಿ ಒಂದೇ ಆಫೀಸು. ನೇಮಕದ ಆದೇಶದಲ್ಲಿ ದ್ವಿತೀಯ ದರ್ಜೆ ಸಹಾಯಕಿ ಅಂತ ಇತ್ತು, ಮಕ್ಕಳು ಆಫೀಸ್ ಮಿಸ್ ಅಂತ ಕರೆಯುತ್ತಾರೆ. ಬಿ.ಕಾಂ. ಆಗಿತ್ತು, ಕನ್ನಡ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದೆ, ಕಂಪ್ಯೂಟರ್ ಚೆನ್ನಾಗಿಯೇ ಬರುತ್ತಿತ್ತು. ಶಾಲೆಯ ಆಫೀಸಿಗೆ ಇಷ್ಟು ಸಾಕು ಅಂತ ನಂಬಿಕೊಂಡು ಬಂದಿದ್ದೆ.

ಮೊದಲ ದಿನ ಹೆಡ್ ಕ್ಲರ್ಕ್ ಸರ್ ನನ್ನನ್ನು ಕಂಪ್ಯೂಟರ್ ಮುಂದೆ ಕೂರಿಸಲಿಲ್ಲ. ಕಬ್ಬಿಣದ ಬೀರು ತೆಗೆದು ಒಂದು ದಪ್ಪ ವಹಿಯನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಇಟ್ಟರು. ದಾಖಲಾತಿ ವಹಿ. ತೆರೆದರೆ ಎಡಗಡೆ ಪುಟದಿಂದ ಬಲಗಡೆ ಪುಟದ ಕೊನೆವರೆಗೆ ಒಂದೇ ಸಾಲು. ಒಂದು ಸಾಲಿಗೆ ಒಂದು ಮಗು. ದಾಖಲಾತಿ ಸಂಖ್ಯೆ, ಸೇರಿದ ದಿನಾಂಕ, ಮಗುವಿನ ಹೆಸರು, ತಂದೆ ತಾಯಿ ಹೆಸರು, ಊರು, ಜಾತಿ, ಮಾತೃಭಾಷೆ, ಜನ್ಮ ದಿನಾಂಕ ಅಂಕಿಯಲ್ಲಿ, ಅದೇ ದಿನಾಂಕ ಅಕ್ಷರದಲ್ಲಿ, ಹಿಂದೆ ಓದಿದ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಬಿಟ್ಟ ಕಾರಣ, ಟಿ.ಸಿ. ಸಂಖ್ಯೆ. ಎಲ್ಲ ಮುಗಿದ ಮೇಲೆ ಬಲತುದಿಯಲ್ಲಿ ಒಂದು ಸಣ್ಣ ಕಾಲಂ: ಷರಾ, ಅಂದರೆ ಟಿಪ್ಪಣಿ.

“ಬೇರೆ ಕಾಲಂ ತುಂಬಿಸೋದು ಎಲ್ಲರಿಗೂ ಬರುತ್ತಮ್ಮ. ಇದನ್ನ ಮಾತ್ರ ಖಾಲಿ ಬಿಡಬೇಡ” ಅಂದರು ಸರ್, ಷರಾ ಕಾಲಂ ಮೇಲೆ ಬೆರಳಿಟ್ಟು.

ತಲೆ ಆಡಿಸಿದೆ. ಏನು ಬರೆಯಬೇಕು ಅಂತ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಶಾಲೆಯ ಆಫೀಸಿನ ವರ್ಷ ಹೇಗೆ ಓಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಮೇ ಕೊನೆಯಿಂದ ಜುಲೈವರೆಗೆ ದಾಖಲಾತಿ ಮತ್ತು ಟಿ.ಸಿ. ಬರುವವರು, ಹೋಗುವವರು ಒಟ್ಟಿಗೇ ಕಿಟಕಿ ಮುಂದೆ ನಿಂತಿರುತ್ತಾರೆ. ಆಮೇಲೆ ವಿದ್ಯಾರ್ಥಿವೇತನದ ಅರ್ಜಿ, ಪಠ್ಯಪುಸ್ತಕ, ಸಮವಸ್ತ್ರದ ಲೆಕ್ಕ. ಅದು ಮುಗಿಯುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವವರ ಪಟ್ಟಿ. ಇದರ ನಡುವೆ ಪ್ರತಿ ತಿಂಗಳೂ ಸಂಬಳದ ಬಿಲ್ಲು, ಬಂದ ಹೋದ ಪತ್ರಗಳ ಆವಕ ಜಾವಕ ವಹಿ, ನಗದು ಪುಸ್ತಕ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೈಯಲ್ಲೇ ಮುಟ್ಟಿಸುವ ಮುದ್ದಾಂ ಟಪಾಲು. ಮೇಷ್ಟ್ರುಗಳಿಗೆ ಬೇಸಿಗೆ ರಜೆ ಇರುತ್ತದೆ, ಆಫೀಸಿಗೆ ಇಲ್ಲ. ಕೆಲಸ ಜಾಸ್ತಿ ಅನ್ನುವುದು ನಿಜ. ಕಷ್ಟ ಅನ್ನಿಸಿದ್ದು ಮಾತ್ರ ಬೇರೆಯೇ ಒಂದು ಕೆಲಸ. ಹಳೇ ವಹಿ ಓದುವುದು.

ಹಳೇ ವಹಿ ತೆಗೆಯಬೇಕಾಗಿ ಬರುವುದು ವಾರಕ್ಕೆ ಎರಡು ಮೂರು ಸಲವಾದರೂ ಇರುತ್ತದೆ. ಯಾರಿಗೋ ಪಿಂಚಣಿಗೆ ವಯಸ್ಸಿನ ದಾಖಲೆ ಬೇಕು, ಯಾರಿಗೋ ಪಾಸ್‌ಪೋರ್ಟಿಗೆ. ಇನ್ನೊಬ್ಬರಿಗೆ ಜಾತಿ ಪ್ರಮಾಣ ಪತ್ರಕ್ಕೆ ಅವರ ತಂದೆ ಓದಿದ ದಾಖಲೆ ಬೇಕು. ಸಿಇಟಿ ಹೊತ್ತಿಗೆ ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮಕ್ಕೂ 1ರಿಂದ 10ನೇ ತರಗತಿವರೆಗೆ ಎಲ್ಲೆಲ್ಲಿ ಓದಿದ್ದು ಅಂತ ವ್ಯಾಸಂಗ ಪ್ರಮಾಣ ಪತ್ರ ಕೇಳುತ್ತಾರೆ. ಅದಕ್ಕೆ ಹೆಡ್‌ಮಾಸ್ಟರ್ ಸಹಿ ಆದ ಮೇಲೆ ಬಿಇಒ ಮೇಲುಸಹಿ ಆಗಬೇಕು. ಬರುವವರಲ್ಲಿ ಹೆಚ್ಚಿನವರ ಹತ್ತಿರ ದಾಖಲಾತಿ ಸಂಖ್ಯೆ ಇರುವುದಿಲ್ಲ. ಸೇರಿದ ವರ್ಷವೂ ನೆನಪಿರುವುದಿಲ್ಲ. ವಹಿಗಳಲ್ಲಿ ಹೆಸರುಗಳು ಅಕಾರಾದಿಯಾಗಿ ಇರುವುದಿಲ್ಲ, ಸೇರಿದ ಕ್ರಮದಲ್ಲಿ ಇರುತ್ತವೆ. ಹಾಗಾಗಿ ಮೊದಲು ವರ್ಷ ಹಿಡಿಯಬೇಕು.

ವರ್ಷ ಹಿಡಿಯುವುದನ್ನು ಸರ್ ಹತ್ತಿರ ಕಲಿತೆ. ಅವರು ಯಾರನ್ನೂ “ಯಾವ ಇಸವಿ?” ಅಂತ ಕೇಳುತ್ತಿರಲಿಲ್ಲ. “ನಿಮಗೆ ಒಂದನೇ ಕ್ಲಾಸಿಗೆ ಯಾರು ಮೇಷ್ಟ್ರು?” ಅಂತ ಕೇಳುತ್ತಿದ್ದರು. “ಇಂದಿರಾ ಗಾಂಧಿ ತೀರಿಕೊಂಡಾಗ ಶಾಲೆಗೆ ರಜೆ ಕೊಟ್ಟಿದ್ದು ನೆನಪಿದೆಯಾ? ಆಗ ಎಷ್ಟನೇ ಕ್ಲಾಸು?” ಅಂತ ಕೇಳುತ್ತಿದ್ದರು. ಇಸವಿ ಮರೆತವರೂ ಇದಕ್ಕೆ ತಟ್ಟನೆ ಉತ್ತರ ಕೊಡುತ್ತಾರೆ. ಮೂರನೇ ಕ್ಲಾಸು ಅಂದರೆ ಸರಿ, 1984ರಿಂದ ಎರಡು ವರ್ಷ ಹಿಂದೆ ಹೋಗಿ 1982ರ ಪುಟದಿಂದ ಶುರು. ಸಿಗದಿದ್ದರೆ ಹಿಂದೊಂದು ವರ್ಷ, ಮುಂದೊಂದು ವರ್ಷ. ಮನೆಯಲ್ಲಿ ಕರೆಯುವ ಹೆಸರೇ ಬೇರೆ, ಶಾಲೆಯಲ್ಲಿ ಬರೆಸಿದ ಹೆಸರೇ ಬೇರೆ ಇರುವುದುಂಟು. ಅದಕ್ಕೆ ತಂದೆ ಹೆಸರಿನ ಕಾಲಂ ಮೇಲೆ ಕಣ್ಣು ಓಡಿಸುವುದು ಒಳ್ಳೆಯದು. ಅಪ್ಪನ ಹೆಸರು ಅಷ್ಟಾಗಿ ಬದಲಾಗುವುದಿಲ್ಲ.

ಹಳೇ ವಹಿಗಳಲ್ಲಿ ‘ಬಿನ್’ ಅಂತ ಇರುತ್ತದೆ. ಇಂಥವನು ಬಿನ್ ಇಂಥವನು, ಅಂದರೆ ಇಂಥವನ ಮಗ. ಇಷ್ಟು ಮಾತ್ರ ನನಗೆ ಗೊತ್ತಿತ್ತು. ಅಂಕಿಗಳು ಕಷ್ಟ ಕೊಟ್ಟವು. ನಮ್ಮ ಮೊದಮೊದಲ ವಹಿಗಳಲ್ಲಿ ಪೂರ್ತಿ ಕನ್ನಡ ಅಂಕಿ. ಇಂಕ್ ಪೆನ್ನಿನಲ್ಲಿ ಬರೆದದ್ದು, ಕಾಗದ ಒರಟು, ಶಾಯಿ ಹರಡಿಕೊಂಡಿದೆ. ಕನ್ನಡದ ಒಂದು ‘೧’ ಅಂದರೆ ಬಾಯಿ ತೆರೆದ ಸುತ್ತು. ಸೊನ್ನೆ ಬಾಯಿ ಮುಚ್ಚಿದ ಸುತ್ತು. ಶಾಯಿ ಹರಡಿ ಆ ಬಾಯಿ ಮುಚ್ಚಿಕೊಂಡರೆ ಒಂದು ಹೋಗಿ ಸೊನ್ನೆ ಆಯಿತು. ೬, ೭, ೯ ಈ ಮೂರನ್ನೂ ಅವಸರದಲ್ಲಿ ಬರೆದವರ ಕೈಯಲ್ಲಿ ಬೇರೆ ಮಾಡುವುದು ಕಷ್ಟ. ಹುಟ್ಟಿದ ದಿನ ಹತ್ತೋ ಹನ್ನೊಂದೋ, ತಿಂಗಳು ಆರೋ ಏಳೋ?

ಜನ್ಮ ದಿನಾಂಕವನ್ನು ಅಕ್ಷರದಲ್ಲೂ ಯಾಕೆ ಬರೆಸುತ್ತಾರೆ ಅಂತ ನನಗೆ ಅವತ್ತು ಅರ್ಥವಾಯಿತು. ಅದುವರೆಗೆ ಸುಮ್ನೆ ಒಂದು ಪದ್ಧತಿ ಅಂದುಕೊಂಡಿದ್ದೆ. ಅಂಕಿ ಕೈಕೊಟ್ಟಾಗ ಪಕ್ಕದಲ್ಲಿ ‘ಒಂದನೇ ಜೂನ್ ಸಾವಿರದ ಒಂಬೈನೂರ ನಲವತ್ತೊಂಬತ್ತು’ ಅಂತ ಅಷ್ಟುದ್ದ ಬರೆದದ್ದು ಕಾಪಾಡುತ್ತದೆ. ಜಾಗ ಸಾಲದೆ ಅಕ್ಷರಗಳನ್ನು ಇರುಕಿಸಿ ಬರೆದಿರುತ್ತಾರೆ, ಆದರೂ ಬಿಟ್ಟಿರುವುದಿಲ್ಲ. ಆ ಮೇಷ್ಟ್ರುಗಳ ಮೇಲೆ ನನಗೆ ಬಹಳ ಗೌರವ.

ಶುಲ್ಕದ ವಹಿಗಳೂ ಇದ್ದವು. 1957ಕ್ಕೆ ಮುಂಚಿನವುಗಳಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಕಾಲಂ. ಕೂಡುವಾಗ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಅಂತ ಎತ್ತಿಕೊಳ್ಳಬೇಕು. ಒಂದು ಮಧ್ಯಾಹ್ನ ಕೂತು ಒಂದು ಪುಟ ಕೂಡಿ ನೋಡಿದೆ, ತಾಳೆ ಆಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ ಮೇಲೂ ‘ಮೈಸೂರು’ ಅಂತ ಅಚ್ಚಾಗಿದ್ದ ಹಳೇ ನಮೂನೆಗಳನ್ನು ಮುಗಿಯುವವರೆಗೆ ನಮ್ಮವರು ಬಳಸಿದ್ದಾರೆ. ಅಚ್ಚಾದ ಹೆಸರಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಕೈಬರಹದಲ್ಲಿ ಕರ್ನಾಟಕ.

ಹಳೇ ವಹಿಗಳಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಜೂನ್ ಒಂದು. ಪುಟ ತಿರುಗಿಸಿದರೆ ಸಾಲು ಸಾಲಾಗಿ 1-6, 1-6, 1-6. ಅಷ್ಟು ಮಕ್ಕಳು ಒಂದೇ ದಿನ ಹುಟ್ಟಲು ಸಾಧ್ಯ ಇಲ್ಲ ಅಲ್ವಾ? ಜನನ ಮರಣ ನೋಂದಣಿಯ ಕೇಂದ್ರ ಕಾಯ್ದೆ ಬಂದದ್ದೇ 1969ರಲ್ಲಿ. ಆಮೇಲೂ ಹಳ್ಳಿಗಳಲ್ಲಿ ಮನೆಯಲ್ಲಿ ಹುಟ್ಟಿದ ಮಕ್ಕಳನ್ನು ಎಷ್ಟೋ ಜನ ಬರೆಸುತ್ತಲೇ ಇರಲಿಲ್ಲ. ಮಗುವನ್ನು ಕರೆದುಕೊಂಡು ಬಂದ ಅಜ್ಜಿಗೆ ತಾರೀಖು ಗೊತ್ತಿಲ್ಲ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಅವತ್ತಿಗೆ ವಯಸ್ಸು ತುಂಬಿರಬೇಕು. ಮೇಷ್ಟ್ರು ಮಗುವನ್ನು ನೋಡಿ ಒಂದು ವರ್ಷ ಅಂದಾಜು ಮಾಡಿ, ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಆ ಒಂದು ಸಾಲು ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಅಲ್ಲಿಂದ ನೌಕರಿಯ ಸೇವಾ ಪುಸ್ತಕಕ್ಕೆ ಹೋಗುತ್ತದೆ. ರಾಜ್ಯ ಸರ್ಕಾರದ ನೌಕರಿಯಲ್ಲಿ ಅರವತ್ತಕ್ಕೆ ನಿವೃತ್ತಿ. ಹುಟ್ಟಿದ್ದು ತಿಂಗಳ ಒಂದನೇ ತಾರೀಖು ಆದರೆ ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ. ಪ್ರತಿ ವರ್ಷ ಮೇ 31ಕ್ಕೆ ಅಷ್ಟೊಂದು ಜನಕ್ಕೆ ಬೀಳ್ಕೊಡುಗೆ ಆಗುವುದು ಇದರಿಂದಲೇ.

ಈಗ ನಾನು ಮಾಡಿದ ತಪ್ಪಿನ ವಿಷಯ. ಎರಡನೇ ವರ್ಷ, ಜೂನ್ ತಿಂಗಳು. ಏಳನೇ ತರಗತಿ ಮುಗಿಸಿದ ಒಬ್ಬ ಹುಡುಗನ ಟಿ.ಸಿ. ಕಿಟಕಿ ಮುಂದೆ ಹತ್ತು ಹದಿನೈದು ಜನ ನಿಂತಿದ್ದರು. ತಂದೆ ಹೆಸರು ವಹಿಯಲ್ಲಿ ‘ಮಹದೇವ’ ಅಂತ ಶುರುವಾಗುತ್ತಿತ್ತು. ನಾನು ‘ಮಹಾದೇವ’ ಅಂತ ಬರೆದೆ. ಒಂದು ದೀರ್ಘ. ನನ್ನ ಮಟ್ಟಿಗೆ ಎರಡೂ ಒಂದೇ ಹೆಸರಾಗಿತ್ತು. ಹೊಸ ಶಾಲೆಯಲ್ಲಿ ಟಿ.ಸಿ. ಒಂದು ತರಹ, ಆಧಾರ್ ಒಂದು ತರಹ ಅಂತ ಹೇಳಿ ವಾಪಸ್ ಕಳಿಸಿದರು. ಆ ಹುಡುಗನ ತಂದೆ ಗಾರೆ ಕೆಲಸದವರು. ಮೊದಲು ಟಿ.ಸಿ. ತಗೊಳ್ಳಲು ಒಂದು ದಿನ ಬಂದಿದ್ದರು, ಹೊಸ ಶಾಲೆಗೆ ಒಂದು ದಿನ, ಈಗ ತಿದ್ದಿಸಲು ಮತ್ತೊಂದು ದಿನ. ಮೂರು ದಿನದ ಕೂಲಿ.

“ಅಮ್ಮಾ, ನಾನು ಓದಿಲ್ಲ. ನೀವು ಬರ್ದಿದ್ದು ಸರಿ ಇದೆ ಅಂತ ತಗೊಂಡ್ ಹೋದೆ” ಅಂದರು. ಕೋಪ ಇರಲಿಲ್ಲ ಅವರ ಮಾತಿನಲ್ಲಿ. ನನಗೆ ತಲೆ ಎತ್ತಲು ಆಗಲಿಲ್ಲ.

ಹೊಸ ಶಾಲೆಯವರು ಹುಡುಗನನ್ನು ಸೇರಿಸಿಕೊಂಡು ಆಮೇಲೆ ತಿದ್ದಿಸಿಕೊಳ್ಳಬಹುದಿತ್ತು. ಟಿ.ಸಿ. ತಡವಾಯಿತು ಅಂತ ದಾಖಲಾತಿ ತಡೆಯುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೆ ತಪ್ಪು ಶುರುವಾದದ್ದು ನನ್ನ ಮೇಜಿನಿಂದ. ಸರ್ ಅವತ್ತು ಬೈಯಲಿಲ್ಲ, ಪಕ್ಕ ಕೂತು ತಿದ್ದುವ ಕ್ರಮ ತೋರಿಸಿದರು. ತಪ್ಪಾದ ಟಿ.ಸಿ. ವಾಪಸ್ ತಗೊಂಡು ಅದರ ಮೇಲೆ ಅಡ್ಡಗೆರೆ ಎಳೆದು ‘ರದ್ದು’ ಅಂತ ಬರೆದು, ಪುಸ್ತಕದಲ್ಲೇ ಉಳಿಯುವ ಅದರ ಸ್ಥಳಪ್ರತಿಗೇ ಅಂಟಿಸಬೇಕು. ಹರಿದು ಬಿಸಾಡುವಂತಿಲ್ಲ. ಹೊಸದಕ್ಕೆ ಹೊಸ ಸಂಖ್ಯೆ. ದಾಖಲಾತಿ ವಹಿಯ ಷರಾದಲ್ಲಿ ಎರಡೂ ಸಂಖ್ಯೆ, ಯಾಕೆ ರದ್ದಾಯಿತು, ಹೆಡ್‌ಮಾಸ್ಟರ್ ಚಿಕ್ಕ ಸಹಿ, ತಾರೀಖು. ಯಾವ ವಹಿಯಲ್ಲೂ ವೈಟ್ನರ್ ಮುಟ್ಟಬಾರದು. ತಪ್ಪಿನ ಮೇಲೆ ಒಂದೇ ಗೆರೆ, ಕೆಳಗಿನ ಅಕ್ಷರ ಕಾಣುತ್ತಿರಬೇಕು, ಮೇಲೆ ಕೆಂಪು ಶಾಯಿಯಲ್ಲಿ ಸರಿಯಾದದ್ದು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಟಿ.ಸಿ. ಕೈಗೆ ಕೊಡುವ ಮುಂಚೆ ಪ್ರತಿ ಕಾಲಂ ಜೋರಾಗಿ ಓದಿ ಹೇಳುತ್ತೇನೆ. ಓದು ಬರದವರಿಗೆ ಅಕ್ಷರ ಅಕ್ಷರ ಬಿಡಿಸಿ ಹೇಳುತ್ತೇನೆ. ಹಿಂದೆ ನಿಂತವರು ತಡ ಅಂತ ಗೊಣಗುತ್ತಾರೆ, ಗೊಣಗಲಿ.

ಇಷ್ಟಾದರೂ ಷರಾ ಅಂದರೆ ತಿದ್ದುಪಡಿ ಬರೆಯುವ ಜಾಗ ಅಂತಲೇ ನಾನು ತಿಳಿದಿದ್ದೆ. ಹೊಸ ದಾಖಲಾತಿಗಳ ಷರಾ ಖಾಲಿ ಬಿಡುತ್ತಿದ್ದೆ. ಸರ್ ಎರಡು ಸಲ ಹೇಳಿದರು, ಆಗಲಿ ಸರ್ ಅಂದೆ, ಕೆಲಸದ ಒತ್ತಡದಲ್ಲಿ ಮತ್ತೆ ಬಿಟ್ಟೆ.

ಆಮೇಲೆ ಒಂದು ದಿನ ನ್ಯಾಯಾಲಯದಿಂದ ಸಮನ್ಸ್ ಬಂತು. ಪೋಕ್ಸೊ ಪ್ರಕರಣ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆಯದ್ದು. ನಮ್ಮಲ್ಲಿ ಓದಿದ್ದ ಒಂದು ಮಗುವಿನ ವಯಸ್ಸು ಸಾಬೀತಾಗಬೇಕಿತ್ತು. ಹೆಡ್‌ಮಾಸ್ಟರ್ ಮೂಲ ದಾಖಲಾತಿ ವಹಿ ಸಮೇತ ಬಂದು ಸಾಕ್ಷಿ ಹೇಳಬೇಕು. ಆ ಮಗುವಿನ ಬಗ್ಗೆ, ಪ್ರಕರಣದ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ವಹಿಯ ವಿಷಯ ಮಾತ್ರ ಬರೆಯುತ್ತೇನೆ.

ವಯಸ್ಸು ತೀರ್ಮಾನಿಸಲು 2015ರ ಬಾಲ ನ್ಯಾಯ ಕಾಯ್ದೆಯ 94ನೇ ಸೆಕ್ಷನ್ ಒಂದು ಕ್ರಮ ಹೇಳುತ್ತದೆ. ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣ ಪತ್ರ ಅಥವಾ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ಪ್ರಮಾಣ ಪತ್ರ. ಅದು ಇಲ್ಲದಿದ್ದರೆ ಪಾಲಿಕೆ, ಪುರಸಭೆ, ಪಂಚಾಯಿತಿ ಕೊಟ್ಟ ಜನನ ಪ್ರಮಾಣ ಪತ್ರ. ಎರಡೂ ಇಲ್ಲದಿದ್ದರೆ ಆಗ ವೈದ್ಯಕೀಯ ಪರೀಕ್ಷೆ. ಅಂದರೆ ಶಾಲೆಯ ದಾಖಲೆಗೆ ಮೊದಲ ಜಾಗ. ಈ ಮಾತು ನನಗೆ ಗೊತ್ತಾದದ್ದು ಸಮನ್ಸ್ ಬಂದ ಮೇಲೆ. ಇಷ್ಟು ವರ್ಷ ಅದೇ ವಹಿಯಲ್ಲಿ ಬರೆಯುತ್ತಾ ಕೂತಿದ್ದೆ.

ವಹಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ದೃಢೀಕೃತ ನಕಲು ಎರಡು ಪ್ರತಿ ಮಾಡಿಕೊಂಡಿದ್ದೆವು. ಹೆಡ್‌ಮಾಸ್ಟರ್ ಮೇಡಂ ಕಟಕಟೆಯಲ್ಲಿ ನಿಂತರು. ನಾನು ಹಿಂದಿನ ಬೆಂಚಿನಲ್ಲಿ. ದಾಖಲಾತಿ ಸಂಖ್ಯೆ, ಹೆಸರು, ಜನ್ಮ ದಿನಾಂಕ ಎಲ್ಲ ಓದಿದರು. ಆಮೇಲೆ ಎದುರು ಕಡೆ ವಕೀಲರು ಎದ್ದು ಕೇಳಿದರು:

“ಈ ದಿನಾಂಕವನ್ನು ಬರೆದವರು ಯಾರು?”

ಹಿಂದೆ ಇದ್ದ ಗುಮಾಸ್ತರು. ಅವರು ಈಗ ಇಲ್ಲ.

“ಯಾವ ದಾಖಲೆ ನೋಡಿ ಬರೆದರು?”

ಮೇಡಂ ಪುಟ ನೋಡಿದರು. ಷರಾ ಖಾಲಿ ಇತ್ತು. “ಪೋಷಕರು ಅರ್ಜಿಯಲ್ಲಿ ಕೊಟ್ಟಂತೆ ಬರೆಯುವುದು ಪದ್ಧತಿ” ಅಂದರು. ಆ ಅರ್ಜಿ ಇದೆಯೇ ಅಂತ ಮುಂದಿನ ಪ್ರಶ್ನೆ. ಆ ವರ್ಷದ ಅರ್ಜಿಗಳ ಕಟ್ಟನ್ನು ಗೆದ್ದಲು ತಿಂದಿತ್ತು. ಜನನ ಪ್ರಮಾಣ ಪತ್ರ ನೋಡಿದ್ದರೇ? ಗೊತ್ತಿಲ್ಲ. ತಾಯಿಯನ್ನು ಕೇಳಿದ್ದರೇ? ಗೊತ್ತಿಲ್ಲ.

ಪ್ರಶ್ನೆಗಳು ಐದು ನಿಮಿಷವೂ ನಡೆಯಲಿಲ್ಲ. ನನ್ನ ಅಂಗೈ ಬೆವರಿತ್ತು. ಆ ಸಾಲು ನಾನು ಬರೆದದ್ದಲ್ಲ. ಆದರೆ ಅದೇ ಬೀರುವಿನಲ್ಲಿ ನಾನು ಬರೆದ ನೂರಾರು ಸಾಲುಗಳಿದ್ದವು, ಅವುಗಳ ಷರಾವೂ ಹೀಗೇ ಖಾಲಿ ಇತ್ತು. ನಾಳೆ ಅವುಗಳಲ್ಲಿ ಯಾವುದೋ ಒಂದು ಸಾಲನ್ನು ಹಿಡಿದು ಇದೇ ಪ್ರಶ್ನೆ ಕೇಳಿದರೆ?

ಶಾಲೆ ವಹಿಯಲ್ಲಿ ಬರೆದಿದೆ ಅಂದ ಮಾತ್ರಕ್ಕೆ ಸಾಲದು, ಯಾವ ಆಧಾರದ ಮೇಲೆ ಬರೆದದ್ದು ಅಂತ ಇಲ್ಲದಿದ್ದರೆ ಅದಕ್ಕೆ ತೂಕ ಇರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಒಂದು ಚುನಾವಣಾ ತಕರಾರಿನಲ್ಲಿ ಹೇಳಿದೆ. ಅಭ್ಯರ್ಥಿಗಳ ವಯಸ್ಸಿನ ಪ್ರಶ್ನೆ ಅದು. ನ್ಯಾಯಾಲಯದ ಹೊರಗೆ ಒಬ್ಬ ವಕೀಲರು ಇದನ್ನು ನಮಗೆ ಬಿಡಿಸಿ ಹೇಳಿದರು.

ಆಫೀಸಿಗೆ ಬಂದು ವಹಿಯನ್ನು ಬಟ್ಟೆಯಿಂದ ಬಿಚ್ಚುವಾಗ ಸರ್ ಕೇಳಿದರು, ನಡೆದದ್ದೆಲ್ಲ ಹೇಳಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. “ಆ ಸಾಲು ಬರೆಯೋವಾಗ ನಾನೂ ಇದೇ ರೂಮಲ್ಲಿ ಕೂತಿದ್ದೆ. ನಾನು ನೋಡ್ಬೇಕಿತ್ತು” ಅಂದರು.

ಮರುದಿನದಿಂದ ಷರಾ ಬರೆಯಲು ಶುರು ಮಾಡಿದೆ. ಜನನ ಪ್ರಮಾಣ ಪತ್ರ ತಂದರೆ ಅದರ ನೋಂದಣಿ ಸಂಖ್ಯೆ, ತಾರೀಖು, ಕೊಟ್ಟ ಕಚೇರಿ, ‘ಮೂಲ ಪ್ರತಿ ನೋಡಿದೆ’. ಅದು ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ, ಅದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆಗ ಆಸ್ಪತ್ರೆಯ ದಾಖಲೆ ನೋಡಬಹುದು, ಅಂಗನವಾಡಿಯ ದಾಖಲೆ ನೋಡಬಹುದು, ಏನೂ ಇಲ್ಲದಿದ್ದರೆ ತಂದೆ ತಾಯಿಯ ಘೋಷಣೆ. ಯಾವುದು ನೋಡಿದೆನೋ ಅದನ್ನೇ ಬರೆಯುತ್ತೇನೆ. ‘ತಾಯಿಯ ಲಿಖಿತ ಹೇಳಿಕೆ ಮೇಲೆ, ಹೇಳಿಕೆ ಅರ್ಜಿಯ ಜೊತೆ ಇದೆ.’ ಕೆಳಗೆ ನನ್ನ ಹೆಸರು, ಹುದ್ದೆ. ಒಂದು ದಾಖಲಾತಿಗೆ ಎರಡು ನಿಮಿಷ ಜಾಸ್ತಿ ಆಗುತ್ತದೆ ಅಷ್ಟೆ. 2023ರ ಅಕ್ಟೋಬರ್ 1ರಂದು ಅಥವಾ ಅದರ ನಂತರ ಹುಟ್ಟಿದ ಮಕ್ಕಳಿಗೆ ಶಾಲಾ ದಾಖಲಾತಿಗೆ ಜನನ ಪ್ರಮಾಣ ಪತ್ರವೇ ಆಧಾರ ಅಂತ ಜನನ ಮರಣ ನೋಂದಣಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಆ ಮಕ್ಕಳು ಒಂದನೇ ತರಗತಿಗೆ ಬರುವವರೆಗೂ, ಬಂದ ಮೇಲೂ ಷರಾ ಬರೆಯುವ ಕೆಲಸ ಇದ್ದೇ ಇರುತ್ತದೆ.

ಈಗ ಎಲ್ಲ ಸ್ಯಾಟ್ಸ್‌ನಲ್ಲಿ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲಿ) ಇದೆಯಲ್ಲ, ವಹಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಸ್ಯಾಟ್ಸ್ ಒಳ್ಳೆಯದೇ. ಮಗು ಬೇರೆ ಜಿಲ್ಲೆಗೆ ಹೋದರೂ ಅದರ ಸಂಖ್ಯೆ ಹಿಡಿದು ಹುಡುಕಬಹುದು. ಆದರೆ ಕಂಪ್ಯೂಟರಿನ ಮೇಲೆ ಪೂರ್ತಿ ಭಾರ ಹಾಕಲು ನನಗೆ ಮನಸ್ಸು ಬರುವುದಿಲ್ಲ, ಅದಕ್ಕೆ ಕಾರಣ ಇದೆ. ನಾನು ಬರುವ ಮುಂಚೆ ಯಾರೋ ಪುಣ್ಯಾತ್ಮರು ಎಂಟು ವರ್ಷದ ದಾಖಲಾತಿಗಳನ್ನು ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಇಟ್ಟಿದ್ದರು. ಯೂನಿಕೋಡ್ ಆಗಿರಲಿಲ್ಲ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಒಂದು ಹೆಸರೂ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪರಿವರ್ತಕ ಹಾಕಿ ತಿರುಗಿಸಿದೆ. ಹೆಚ್ಚಿನದು ಬಂತು, ಕೆಲವು ಒತ್ತಕ್ಷರಗಳು ಚದುರಿಹೋದವು. ಅಂಥ ಒಂದೊಂದು ಹೆಸರನ್ನೂ ಕೊನೆಗೆ ವಹಿ ತೆಗೆದೇ ಸರಿ ಮಾಡಬೇಕಾಯಿತು.

ಆ ಕೆಲಸ ಮಾಡುವಾಗಲೇ ಹಳೇ ವಹಿಗಳಿಗೆ ಹೆಸರಿನ ಪಟ್ಟಿ ಮಾಡಬೇಕು ಅನ್ನುವ ಯೋಚನೆ ಬಂದದ್ದು. ಹೆಸರು, ತಂದೆ ಹೆಸರು, ಸೇರಿದ ವರ್ಷ, ವಹಿ ಸಂಖ್ಯೆ, ಪುಟ. ಇಷ್ಟೇ. ಯಾರೂ ಹೇಳಿರಲಿಲ್ಲ, ಮೇಡಂ ಒಪ್ಪಿಕೊಂಡರು. ಎರಡು ಬೇಸಿಗೆ ರಜೆ ಹಿಡಿಯಿತು. ಜವಾನರು ಒಂದೊಂದೇ ವಹಿ ಇಳಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಅಂಚು ಪುಡಿಯಾಗುವ ಹಾಳೆಗಳನ್ನು ಬೆರಳಿಂದ ತಿರುಗಿಸದೆ ಕೆಳಗೊಂದು ರಟ್ಟು ತೂರಿಸಿ ತಿರುಗಿಸುತ್ತಿದ್ದೆವು. ಮಧ್ಯಾಹ್ನ ಶಾಲೆಯಲ್ಲಿ ಮಕ್ಕಳ ಸದ್ದೇ ಇರುವುದಿಲ್ಲ. ನಾನು ಹೆಸರು ಓದುತ್ತಿದ್ದೆ, ಸರ್ ಎದುರು ಕೂತು ಪಟ್ಟಿಯಲ್ಲಿ ತಾಳೆ ನೋಡುತ್ತಿದ್ದರು.

ಆಗ ನೋಡಿದೆ ಷರಾಗಳನ್ನು. ಎಲ್ಲರೂ ಖಾಲಿ ಬಿಟ್ಟಿರಲಿಲ್ಲ. ‘ತಂದೆ ಇಲ್ಲ, ಸೋದರಮಾವನ ಆಶ್ರಯ.’ ‘ದೂರದಿಂದ ನಡೆದು ಬರುವ ಹುಡುಗಿ, ಮಳೆಗಾಲದಲ್ಲಿ ತಡವಾದರೆ ಒಳಗೆ ಬಿಡುವುದು.’ ‘ಹುಟ್ಟಿದ ದಿನ ತಿಳಿಯದು, ಅಂದಾಜಿನಿಂದ ಬರೆದಿದೆ.’ ಕೊನೆಯದನ್ನು ಬರೆದ ಮೇಷ್ಟ್ರು ಯಾರೆಂದು ಗೊತ್ತಿಲ್ಲ, ಸಹಿ ಓದಲು ಬರಲಿಲ್ಲ. ಆದರೆ ಆ ಅಕ್ಷರ ಇರುವ ಪುಟಗಳಲ್ಲೆಲ್ಲ ಅದೇ ಶ್ರದ್ಧೆ. ಅಂದಾಜು ಅಂದರೆ ಅಂದಾಜು ಅಂತಲೇ ಬರೆದಿದ್ದಾರೆ.

ಹದಿನಾಲ್ಕನೇ ವಹಿಯಲ್ಲಿ, 1965ರ ಪುಟದಲ್ಲಿ, ಒಂದು ಹೆಸರು ಓದಿ ನಿಲ್ಲಿಸಿದೆ. ಸರ್ ಅವರ ಹೆಸರು. ತಂದೆ ಹೆಸರೂ ಅದೇ. ಅವರು ಇದೇ ಶಾಲೆಯಲ್ಲಿ ಓದಿದವರು ಅಂತ ಗೊತ್ತಿತ್ತು, ಆದರೆ ಆ ಕ್ಷಣಕ್ಕೆ ಹೊಳೆದಿರಲಿಲ್ಲ. ಜನ್ಮ ದಿನಾಂಕ 1-6-1959. ಷರಾ ಖಾಲಿ.

“ಸರ್, ನಿಜವಾಗಿ ಹುಟ್ಟಿದ್ದು ಯಾವಾಗ?” ಅಂತ ಕೇಳಿದೆ.

“ಅಮ್ಮ ಹೇಳೋರು, ಶ್ರಾವಣ ಶನಿವಾರ ಅಂತ. ವರ್ಷ ಅವರಿಗೂ ಸರಿಯಾಗಿ ನೆನಪಿರ್ಲಿಲ್ಲ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಸೇರಿಸೋವಾಗ ಅಮ್ಮನೂ ಬಂದಿದ್ರಮ್ಮ. ಯಾರಾದ್ರೂ ಕೇಳಿದ್ರೆ ಅಷ್ಟಾದ್ರೂ ಹೇಳ್ತಿದ್ರು. ಕೇಳ್ಲಿಲ್ಲ” ಅಂದರು.

ಪಟ್ಟಿಯಲ್ಲಿ ಆ ಸಾಲಿಗೆ ತಾವೇ ಟಿಕ್ ಹಾಕಿ, “ಮುಂದಿನದು ಓದು” ಅಂದರು.

2019ರ ಮೇ 31ಕ್ಕೆ ಸರ್ ನಿವೃತ್ತರಾದರು. ಬೀಳ್ಕೊಡುಗೆ ಮಧ್ಯಾಹ್ನ ಮೂರಕ್ಕೆ ಇತ್ತು. ಬೆಳಗ್ಗೆಯಿಂದ ನಾವಿಬ್ಬರೂ ಪ್ರಭಾರ ಪಟ್ಟಿ, ಅಂದರೆ ಅವರು ನನಗೆ ಒಪ್ಪಿಸುವುದರ ಪಟ್ಟಿ, ಮಾಡುತ್ತಿದ್ದೆವು. ಬೀರುವಿನ ಕೀಲಿಗಳು, ಮೊಹರುಗಳು, ಖಾಲಿ ಟಿ.ಸಿ. ಪುಸ್ತಕಗಳು ಎಷ್ಟರಿಂದ ಎಷ್ಟರವರೆಗೆ, ನಗದು ಪುಸ್ತಕದ ಉಳಿಕೆ. ದಾಖಲಾತಿ ವಹಿಗಳು ಒಟ್ಟು 31. ಒಂದೊಂದನ್ನೂ ತೆಗೆದು ಪುಟ ಎಣಿಸಿದರು. ನಾನು ಇಷ್ಟು ವರ್ಷದಿಂದ ನೋಡುತ್ತಿರುವ ವಹಿಗಳೇ, ಸಾಕು ಸರ್ ಅಂದೆ. ಕೇಳಲಿಲ್ಲ.

ಕೊಟ್ಟವರು ಅನ್ನುವ ಕಡೆ ಅವರು ಸಹಿ ಮಾಡಿದರು, ಪಡೆದವರು ಅನ್ನುವ ಕಡೆ ನಾನು ಮಾಡಿದೆ. ಮೇಡಂಗೆ ಕೊಡಲು ಎದ್ದೆ. “ಇರು” ಅಂದು ಹಾಳೆ ವಾಪಸ್ ತಗೊಂಡರು. ಬಲತುದಿಯ ಕಾಲಂನಲ್ಲಿ, ಒಂಬತ್ತನೇ ವಹಿಯ ಎದುರು, ಸಣ್ಣ ಅಕ್ಷರದಲ್ಲಿ ಬರೆದರು: ‘ಪುಟ 41ರಿಂದ 44 ಗೆದ್ದಲು ತಿಂದಿದೆ. ನಾನು ಪ್ರಭಾರ ಪಡೆದಾಗಲೂ ಹೀಗೆಯೇ ಇತ್ತು, ಕಣ್ಣಾರೆ ನೋಡಿದ್ದೇನೆ.’ ಅದರ ಕೆಳಗೆ ತಾರೀಖು ಹಾಕಿದರು, ಅಂಕಿಯಲ್ಲೂ ಅಕ್ಷರದಲ್ಲೂ.